ತೂಕ ಇಳಿಸಿದ ಕಾರು

ಮೈದಾನದಲ್ಲಿ ಇಟ್ಟ ಕೋನ್‌ಗಳ ನಡುವೆ ಸುತ್ತಿ ಬಳಸಿ ಕಾರು ಓಡಿಸುವ ಆಟೋಕ್ರಾಸ್ ಪಂದ್ಯಕ್ಕೆ ಒಂದೇ ದಿನ ಉಳಿದಿತ್ತು. ಕೊಟ್ರಪ್ಪ ತನ್ನ ಹೆಂಡತಿಯ ತಮ್ಮ ತಿಪ್ಪೇಶನ ಜೊತೆ ಪಂಥ ಕಟ್ಟಿದ್ದ. ಸೋತವನು ಮೀಸೆ ಬೋಳಿಸಬೇಕು. ಕೊಟ್ರಪ್ಪನದೋ ಇಪ್ಪತ್ತು ವರ್ಷ ಹರಳೆಣ್ಣೆ ಕುಡಿಸಿ ಸಾಕಿದ ಮೀಸೆ. ಅದರ ತುದಿಗೆ ಪಂಚೆ ಒಣಹಾಕಬಹುದಿತ್ತು.

"ಇಂಜಿನ್ ಮುಟ್ಟಂಗಿಲ್ಲ ಅಂತ ರೂಲ್ಸ್ ಐತಣ್ಣ. ತೂಕ ಇಳಿಸಿದಷ್ಟೂ ಗಾಡಿ ಹಾರ್ತೈತಿ," ಎಂದ ಮೆಕ್ಯಾನಿಕ್ ದಾದಾಪೀರ್. ಮನೆಮಂದಿ ಓಡಾಡುವ ಆ ಪುಟ್ಟ ಕಾರಿನಿಂದ ಸ್ಟೆಪ್ನಿ, ಜಾಕಿ, ಹಿಂದಿನ ಸೀಟು, ಮ್ಯಾಟು ಎಲ್ಲಾ ಇಳಿದವು. ಕೊಟ್ರಪ್ಪ ಪೆಟ್ರೋಲನ್ನೂ ಲೋಟದಲ್ಲಿ ಅಳೆದು ಹಾಕಿದ. ಆದರೂ ಅಭ್ಯಾಸದ ಓಟದಲ್ಲಿ ತಿಪ್ಪೇಶನಿಗಿಂತ ಕಣ್ಣು ಮಿಟುಕಿಸುವಷ್ಟು ಹೊತ್ತು ಹೆಚ್ಚೇ ಹಿಡಿಯಿತು.

"ಭಾವ, ಕತ್ತರಿ ನಾ ತರ್ಲಾ, ನೀವೇ ತರ್ತೀರಾ?" ಎಂದು ತಿಪ್ಪೇಶ ಕಿಚಾಯಿಸಿ ಹೋದ.

ಕೊಟ್ರಪ್ಪ ಮೀಸೆ ಹಿಡಿದುಕೊಂಡೇ ಗೋಗರೆದ. "ಇನ್ನೂ ಏನಾದ್ರೂ ಬಿಚ್ಚೋ ದಾದಾಪೀರಾ, ಮಾನದ ಪ್ರಶ್ನೆ!"

"ಇನ್ನೇನು ಬಿಚ್ಚಲಣ್ಣ? ಕಾರಾಗೆ ಇನ್ನ ಇಳಿಸಾಕೆ ಉಳಿದಿರೋ ತೂಕ ಅಂದ್ರೆ ನೀನೊಬ್ನೇ."

"ನಾನು ಚಪ್ಪಲಿ ಬಿಟ್ಟೀನಿ, ವಾಚು ಬಿಚ್ಚೀನಿ, ಬೆಳಿಗ್ಗೆಯಿಂದ ನೀರೂ ಕುಡಿದಿಲ್ಲ!"

ದಾದಾಪೀರ್ ಅವನ ಮುಖವನ್ನೇ ಬಹಳ ಹೊತ್ತು ನೋಡಿದ.

ಮರುದಿನ ಕಾರು ಗಾಳಿಪಟದ ಹಾಗೆ ಹಾರಿತು. ಕಣ್ಣು ಮಿಟುಕಿಸುವಷ್ಟು ಅಂತರದಲ್ಲಿ ಗೆದ್ದ ಕೊಟ್ರಪ್ಪ ಕೆಳಗೆ ಜಿಗಿದು, ನುಣ್ಣಗೆ ಬೋಳಿಸಿದ ಮೇಲ್ತುಟಿಯನ್ನು ಹೆಮ್ಮೆಯಿಂದ ಸವರಿಕೊಳ್ಳುತ್ತ ಕೂಗಿದ: "ನೋಡೋ ತಿಪ್ಪೇಶ, ನನ್ ಮೀಸೆ ಉಳೀತು!"