ಮರ್ಚಿ ಅಜ್ಜಿಯ ಗಡಿಯಾರ

ಸಸ್ಕಾಚೆವನ್ನಿನ ಬಯಲಿಗೆ ೧೯೩೨ರ ಅಕ್ಟೋಬರ್ ಇಳಿದಿತ್ತು. ಎರಡು ಸಲ ಹಿಮ ಸೋಕಿ ಎಲೆಕೋಸು ಸಿಹಿಯಾಗಿತ್ತು. ಪರಾಸ್ಕಾ ಅಂಗಳದಲ್ಲಿ ಕೂತು ಕೋಸು ಹೆಚ್ಚಿ, ಉಪ್ಪು ಬೆರೆಸಿ, ಪೀಪಾಯಿಗೆ ಮುಷ್ಟಿಯಿಂದ ಒತ್ತುತ್ತಿದ್ದಳು. ಚಳಿಗಾಲಕ್ಕೆ ಹುಳಿಕೋಸು ಬೇಕು. ಗಂಡ ಮನೆಯಲ್ಲಿರಲಿ, ಇಲ್ಲದಿರಲಿ, ಬೇಕು.

ಬೇಲಿಯಾಚೆ ಮರ್ಚಿ ಅಜ್ಜಿ ಬಂದು ನಿಂತಳು. ಸ್ಕಾಟ್ಲೆಂಡಿನ ಕಡೆಯ ವಿಧವೆ, ಎಪ್ಪತ್ತು ದಾಟಿದ ಒಂಟಿ ಜೀವ.

"ಹೊತ್ತೆಷ್ಟಾಯ್ತು ಪರಾಸ್ಕಾ?"

ಚಾಕು ನಿಂತಿತು. ಊರಿಗೆಲ್ಲ ಗೊತ್ತಿರುವ ಗಡಿಯಾರದ ಒಡತಿ ಬಂದು ಹೊತ್ತು ಕೇಳುತ್ತಾಳೆ! ಗಾಯದ ಮೇಲೆ ಬರೆ ಎಳೆಯುವುದೆಂದರೆ ಇದೇ.

"ನಿಮ್ಮ ಗಡಿಯಾರನೇ ಕೇಳಿ. ಅದಕ್ಕೆ ತಿಳೀದಿರೋದು ಏನಿದೆ?"

ಅಜ್ಜಿ ಏನೋ ಹೇಳಲು ಬಾಯಿ ತೆರೆದಳು. ಪರಾಸ್ಕಾ ಬೆನ್ನು ತಿರುಗಿಸಿ ಕೂತಳು.

ಆ ಸುತ್ತಿನ ಮನೆಗಳಿಗೆಲ್ಲ ಒಂದೇ ಟೆಲಿಫೋನ್ ತಂತಿ. ಒಬ್ಬರಿಗೆ ಕರೆ ಬಂದರೆ ಎಲ್ಲರ ಮನೆಯಲ್ಲೂ ಗಂಟೆ ಮೊಳಗುತ್ತಿತ್ತು. ಯಾರು ಬೇಕಾದರೂ ರಿಸೀವರ್ ಕಿವಿಗಿಟ್ಟು ಕೇಳಬಹುದಿತ್ತು. ಕೇಳದವರೇ ಇರಲಿಲ್ಲ. ಸಿಕ್ಕಿಬೀಳುತ್ತಿದ್ದವಳು ಮಾತ್ರ ಮರ್ಚಿ ಅಜ್ಜಿ. ಅವಳ ಗೋಡೆ ಗಡಿಯಾರ ಕುಂಟು. ನಾಲ್ಕು ಗಂಟೆಯಾದರೆ ಮೂರು ಬಾರಿಸುವುದು, ಗರ್‌ರ್ ಎಂದು ಗಂಟಲು ಸರಿಮಾಡಿಕೊಳ್ಳುವುದು, ಮರೆತದ್ದು ನೆನಪಾದಂತೆ ನಾಲ್ಕನೆಯದನ್ನು ಹೊಡೆಯುವುದು. ತಂತಿಯಲ್ಲಿ ಆ ಸದ್ದು ಬಂದರೆ ಜನ ಮಾತು ನಿಲ್ಲಿಸಿ ನಗುತ್ತಿದ್ದರು: "ಅಜ್ಜೀ, ಗಡಿಯಾರಕ್ಕೆ ಕೆಮ್ಮಂತೆ, ಒಂದಿಷ್ಟು ಕಷಾಯ ಕುಡಿಸಿ!"

ಹೋದ ಭಾನುವಾರ ಯಾರೂ ನಗಲಿಲ್ಲ. ಗಂಡ ದಾನಿಲೋ ಅಡಗಿದ್ದ ಕಡೆಗೆ ರೊಟ್ಟಿ ಮುಟ್ಟಿಸಲು ಪರಾಸ್ಕಾ ತನ್ನ ಅಣ್ಣನಿಗೆ ಜಾಗ ಹೇಳಲೇಬೇಕಿತ್ತು. "ಸ್ವೀಡನ್ನಿನವನ ಹುಲ್ಲಟ್ಟದಲ್ಲಿ" ಎಂದಳು. ತಂತಿಯೊಳಗೆ ಮೂರು ಹೊಡೆತ. ಗರ್‌ರ್. ನಾಲ್ಕು.

ಉಕ್ರೇನಿನ ಮಾತಿನಲ್ಲೇ ಹೇಳಿದ್ದಳು. ಅಜ್ಜಿಗೆ ಅದು ಬಾರದೆಂದು ಎಲ್ಲರೂ ನಂಬಿದ್ದರು. ಇಪ್ಪತ್ತು ವರ್ಷ ಉಕ್ರೇನಿನವರ ನಡುವೆ ಬಾಳಿದವಳು ಕಲಿಯದೆ ಬಿಡುತ್ತಾಳೆಯೇ? ಮಾರನೆಯ ಬೆಳಿಗ್ಗೆಯೇ ಪೊಲೀಸರು ಹುಲ್ಲಟ್ಟಕ್ಕೆ ಬಂದರು. ದಾನಿಲೋ ಹಿಂದಿನ ಕಿಂಡಿಯಿಂದ ಹಾರಿ, ಜೊಂಡಿನಲ್ಲಿ ಮಲಗಿ, ಕೂದಲೆಳೆಯಲ್ಲಿ ಉಳಿದ.

ಈ ದೇಶಕ್ಕೆ ಬಂದು ಐದು ವರ್ಷ ತುಂಬದವನು ಸರಕಾರದ ಪರಿಹಾರ ಉಂಡರೆ, ನಿರುದ್ಯೋಗಿಗಳ ಸಭೆಯಲ್ಲಿ ಬಾಯಿ ತೆರೆದರೆ, ಹಡಗು ಹತ್ತಿಸಿ ವಾಪಸು ಕಳಿಸುತ್ತಿದ್ದರು. ದಾನಿಲೋ ಎರಡನ್ನೂ ಮಾಡಿದ್ದ. ಅಲ್ಲಿ ತಾಯ್ನಾಡಿನಲ್ಲಿ, ಸೈನ್ಯ ಬಿಟ್ಟು ಓಡಿಬಂದವನಿಗೆ ಸೆರೆಮನೆ ಕಾದಿತ್ತು. ಕ್ರಿಸ್‌ಮಸ್ ಹೊತ್ತಿಗೆ ಐದು ತುಂಬುತ್ತಿತ್ತು. ಅಲ್ಲಿಯವರೆಗೆ ಸಿಕ್ಕದಿದ್ದರೆ ಸಾಕು.

ಪರಾಸ್ಕಾ ತಲೆಯೆತ್ತಿ ನೋಡಿದಳು. ಅಜ್ಜಿಯ ಹೊಗೆಗೂಡಿನಿಂದ ಕಲ್ಲಿದ್ದಲಿನ ಕಪ್ಪು ಹೊಗೆ ಏಳುತ್ತಿತ್ತು. ಉಳಿದವರೆಲ್ಲ ಹುಲ್ಲು, ಒಣಸಗಣಿ ಉರಿಸುವ ಕಾಲ. ಸೆಪ್ಟೆಂಬರಿನಿಂದಲೂ ಆ ಹೊಗೆ. 'ನಮಗಿಂತ ಮುಂಚೆ ಯಾರನ್ನು ಪೊಲೀಸರಿಗೆ ಹಿಡಿದುಕೊಟ್ಟು ಕಾಸು ಕಂಡಳೋ' ಎಂದುಕೊಂಡಳು.

ಈಗ ಅಜ್ಜಿಯ ಜೊತೆ ಯಾರೂ ಮಾತಾಡುತ್ತಿರಲಿಲ್ಲ. ಅವಳಿಗೆ ನೀರು ಸೇದಿಕೊಡುವವರೂ ಇರಲಿಲ್ಲ. ಚರ್ಚಿನ ಬಾಗಿಲಲ್ಲಿ ಮೊದಲು ಬಾಯಿಬಿಟ್ಟವನು ಹ್ರಿಹೋರಿ: "ಗಡಿಯಾರನೇ ಸಾಕ್ಷಿ ಹೇಳ್ತಲ್ಲ, ಇನ್ನೇನು ಬೇಕು?"

ಹ್ರಿಹೋರಿ ಪರಾಸ್ಕಾಳ ಮಗಳನ್ನು ದೀಕ್ಷಾಸ್ನಾನದಲ್ಲಿ ಎತ್ತಿಕೊಂಡವನು. ಆ ನಂಟಿಗೆ ಅವರಲ್ಲಿ 'ಕುಮ್' ಎನ್ನುತ್ತಾರೆ, ಹೆಣ್ಣಾದರೆ 'ಕುಮಾ'. ಒಡಹುಟ್ಟಿಗಿಂತ ಒಂದು ತೂಕ ಹೆಚ್ಚು. ದಾನಿಲೋ ಬಂದ ಹಡಗಿನಲ್ಲೇ ಬಂದವನು. ಪೆಟ್ರೋಲು ಕೊಳ್ಳಲಾಗದೆ, ಎಂಜಿನ್ ಕಳಚಿದ ಮೋಟಾರು ಕಾರಿಗೆ ಕುದುರೆ ಕಟ್ಟಿ, ಗಣಿಯಿಂದ ಕಲ್ಲಿದ್ದಲು ಹೇರಿ, ಕಾಸಿಗೋ ಹಳೆಯ ಸಾಮಾನಿಗೋ ಬೇಕಾದವರ ಮನೆಗೆ ಹಾಕುತ್ತಿದ್ದ. ಬೇಸಿಗೆಯಲ್ಲಿ ಅವನನ್ನೂ ಪೊಲೀಸರು ಕರೆದೊಯ್ದಿದ್ದರು. ಸಂಜೆಗೇ ಬಿಟ್ಟಿದ್ದರು. ಅದೃಷ್ಟವಂತ.

ಕೋಸಿನ ಮೇಲೆ ಕಲ್ಲು ಹೇರಿ, ಕೈ ತೊಳೆದು, ಪರಾಸ್ಕಾ ಗಂಡನ ಕುರಿಚರ್ಮದ ಕೋಟನ್ನು ಗಂಟು ಕಟ್ಟಿದಳು. ಅವನಿದ್ದಲ್ಲಿಗೆ ತಾನೇ ಹೋಗುವಂತಿರಲಿಲ್ಲ. ಅವಳ ಹೆಜ್ಜೆಯ ಮೇಲೆ ಪೊಲೀಸರ ಕಣ್ಣಿತ್ತು. ಕುಮ್‌ನ ಮನೆಗೆ ಹೋಗಲು ಯಾರ ಅಡ್ಡಿ? ಸುಗ್ಗಿ ಶುರುವಾದ ಮೇಲೆ ಆ ಕಡೆ ಕಾಲಿಟ್ಟಿರಲಿಲ್ಲ.

"ಬಾ ಕುಮಾ, ಬಾ! ಕೈಯೆಲ್ಲ ಕೋಸಿನ ವಾಸನೆ. ನಮಗೂ ಒಂದು ಬೋಗುಣಿ ಉಳಿಸಿದೀಯೋ, ಇಲ್ವೋ?" ಹ್ರಿಹೋರಿ ಮಂಚದ ಮೇಲಿಂದಲೇ ಕರೆದ.

"ಪೂರಾ ಪೀಪಾಯಿನೇ ಕೊಡ್ತೀನಿ. ಈ ಕೋಟೊಂದು ಮುಟ್ಟಿಸಿ. ರಾತ್ರಿ ಚಳೀಲಿ ಸತ್ತೇಹೋಗ್ತಾನೆ ಅವನು."

ಹ್ರಿಹೋರಿ ಮಂಚದಂಚಿಗೆ ಸರಿದ. ಅವನ ಹೆಂಡತಿ ತೆಕ್ಲಾ ಹಿಟ್ಟು ನಾದುತ್ತಿದ್ದಳು. ತಲೆ ಎತ್ತಲಿಲ್ಲ.

"ಟೆಲಿಫೋನಲ್ಲಿ ಹೇಳದೆ ನೀನೇ ಬಂದೆ, ಒಳ್ಳೇದು ಮಾಡ್ದೆ" ಎಂದ ಅವನು. "ಯಾರ ಕಿವಿ ಎಲ್ಲಿರುತ್ತೋ. ಈಗ ಎಲ್ಲಿದಾನೆ?"

ಪರಾಸ್ಕಾ ಬಾಗಿಲ ಕಡೆ ನೋಡಿದಳು. ದನಿ ತಗ್ಗಿಸಿದಳು.

"ಬತ್ತಿದ ಕೆರೆಯಾಚೆ. ಹ್ಯಾನ್ಸನ್‌ನವರು ಬಿಟ್ಟುಹೋದ ಮನೆ. ಆಲೂಗಡ್ಡೆ ಹಾಕೋ ನೆಲಮಾಳಿಗೇಲಿ."

ಹ್ರಿಹೋರಿ ಕೋಟನ್ನು ತೊಡೆಯ ಮೇಲಿಟ್ಟುಕೊಂಡು ಅದರ ಉಣ್ಣೆಯನ್ನು ಸವರಿದ. "ನಾಳೆ ಬೆಳಿಗ್ಗೆ ನೋಡ್ಕೋತೀನಿ. ಚಿಂತೆ ಬಿಡು."

ಅವಳು ಬಗ್ಗಿ ಅವನ ಕೈಗೆ ಮುತ್ತಿಟ್ಟಳು. "ನಿಮ್ಮ ಋಣ ಹೇಗೆ ತೀರಿಸ್ಲಿ ಕುಮ್?"

"ನಮ್ಮ ನಮ್ಮಲ್ಲಿ ಎಂಥಾ ಋಣ!"

ತೆಕ್ಲಾ ಥಟ್ಟನೆ ಎದ್ದಳು. ಹಿಟ್ಟಿನ ಕೈಯಲ್ಲೇ, ಟೆಲಿಫೋನ್ ಇದ್ದ ಒಳಕೋಣೆಯ ಬಾಗಿಲು ಎಳೆಯಲು ಓಡಿದಳು.

ಅಷ್ಟರಲ್ಲಿ ಒಳಗೆ, ಗೋಡೆಯ ಮೇಲಿಂದ, ಐದು ಹೊಡೆತ ಬಿದ್ದವು. ಗರ್‌ರ್. ಆಮೇಲೆ, ಮರೆತದ್ದು ನೆನಪಾದಂತೆ, ಆರನೆಯದು.