ದಾಸಯ್ಯನ ತೂಕ ಕಳೆದು

"ತಾತ, ಆವತ್ತು ನಿಮ್ಮನ್ನೂ ತೂಕಕ್ಕೆ ಹಾಕಿದ್ರಾ?"

ಮಾನಸಾ ಕೇಳಿದ್ದು ಇಷ್ಟೇ. ಅರ್ಧ ಗಂಟೆಯಿಂದ ಗುಬ್ಬಿಯ ತನ್ನ ಮನೆಯ ಜಗಲಿಯ ಮೇಲೆ ಎದೆಯುಬ್ಬಿಸಿ ಹುಲಿಯ ಕಥೆ ಹೇಳುತ್ತಿದ್ದ ದಾಸಯ್ಯನ ಮಾತು ಅಲ್ಲಿಗೇ ನಿಂತುಹೋಯಿತು. ಅರಣ್ಯ ಇಲಾಖೆಯಲ್ಲಿ ವಾಚರ್ ಆಗಿದ್ದು ನಿವೃತ್ತನಾದವನು ಅವನು. ಮೂವತ್ತೈದು ವರ್ಷಗಳಲ್ಲಿ ಆ ಕಥೆಯನ್ನು ಎಷ್ಟು ಜನಕ್ಕೆ ಹೇಳಿದ್ದನೋ. ಹಲ್ಲು ಎಷ್ಟುದ್ದ ಇತ್ತು ಎಂದು ಕೇಳಿದವರಿದ್ದರು, ಉಗುರು ಸಿಗಲಿಲ್ಲವಾ ಎಂದು ಕೇಳಿದವರೂ ಇದ್ದರು. ಇದನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಹುಡುಗಿ ತುಮಕೂರಿನಿಂದ ಸ್ಕೂಟರಿನಲ್ಲಿ ಬಂದಿದ್ದಳು. ಕಾಡುಹುಲಿಗಳ ತೂಕ ಇಷ್ಟಿಷ್ಟು ಎಂದು ಅಲ್ಲಿ ಇಲ್ಲಿ ಅಚ್ಚಾಗಿರುವುದರಲ್ಲಿ ಎಷ್ಟನ್ನು ನಂಬಬಹುದು ಎಂದು ಸೋಸುವುದು ಅವಳ ಸಂಶೋಧನೆ. ತೂಗಿದ ರೀತಿ ಗೊತ್ತಿದ್ದರೆ ಹಸಿರು ಗುರುತು, ಗೊತ್ತಿಲ್ಲದಿದ್ದರೆ ಹಳದಿ, ಬರೀ ಕಣ್ಣಂದಾಜಾದರೆ ಕೆಂಪು. ನೋಟ್‌ಬುಕ್ಕಿನ ತುಂಬ ಕೆಂಪೇ. ಹಳೆಯ ಬೇಟೆಗಾರರ ಹುಲಿಗಳೆಲ್ಲ ಹೇಳುವವರ ಬಾಯಲ್ಲೇ ಕೊಬ್ಬಿದ್ದವು.

ದಾಸಯ್ಯನ ಹುಲಿ ಹಾಗಲ್ಲ. ದಾರಿತಪ್ಪಿ ತೆಂಗಿನ ತೋಟದಂಚಿನ ಪೊದೆಗೆ ಬಂದು ಸೇರಿದ್ದ ಗಂಡು. ಮತ್ತಿನ ಸೂಜಿ ಹೊಡೆದು ಕೆಡವಿ, ಕೊಬ್ಬರಿ ಮಂಡಿಯಿಂದ ಮೂಟೆ ತೂಗುವ ದೊಡ್ಡ ತಕ್ಕಡಿ ತರಿಸಿದ್ದರು. ಕತ್ತು ವಾಲಿದರೆ ಉಸಿರು ಕಟ್ಟೀತೆಂದು ದಾಸಯ್ಯನೇ ತಕ್ಕಡಿಯ ಮೇಲೆ ಕೂತು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಒಟ್ಟು ಇನ್ನೂರ ಅರವತ್ತೆರಡು ಕೆ.ಜಿ. ಅದರಲ್ಲಿ ಹುಲಿಯನ್ನು ಮಲಗಿಸಿದ್ದ ಬಿದಿರು ತಡಿಕೆಯದು ಹದಿನೇಳು. "ನಿಂದೆಷ್ಟಯ್ಯಾ?" ಎಂದಿದ್ದರು ರೇಂಜರ್ ಲಕ್ಷ್ಮೀನರಸಿಂಹಯ್ಯನವರು. "ಐವತ್ತು ಸಾರ್" ಎಂದಿದ್ದ. "ಚೀಲದ ತೂಕ ಕಳೆಯೋ ಹಾಗೆ ಇವನದ್ದೂ ಕಳೀರಪ್ಪ" ಎಂದರು ಅವರು. ಹುಲಿಗೆ ಉಳಿದದ್ದು ನೂರ ತೊಂಬತ್ತೈದು. ಅದೇ ವರದಿಗೆ ಹೋಯಿತು. ಹುಡುಗಿ ಕೇಳಿದ ಮೇಲೆ ದಾಸಯ್ಯ ಇಷ್ಟನ್ನೂ ಹೇಳಲೇಬೇಕಾಯಿತು.

ಮಾನಸಾ ಗೋಡೆಯ ಮೇಲಿದ್ದ ಆ ಕಾಲದ ಫೋಟೋ ನೋಡುತ್ತಿದ್ದಳು. "ಇದ್ರಲ್ಲಿ ಷರಟಿನೊಳಗೆ ನಿಮ್ಮನ್ನ ಹುಡುಕ್ಬೇಕು ತಾತ. ಇವ್ರು ಐವತ್ತು ಕೆ.ಜಿ.ನಾ?"

ಒಳಗಿಂದ ಕಾಫಿ ತಂದ ಹೆಂಡತಿ ಪುಟ್ಟಗಂಗಮ್ಮ ನಕ್ಕಳು. "ಮದ್ವೇಲಿ ನಮ್ಮಣ್ಣ ಇವ್ರನ್ನ ನೋಡಿ, ಗಾಳಿ ಬಂದ್ರೆ ಗಂಡನ್ನ ಬಿಗಿಯಾಗಿ ಹಿಡ್ಕೊಳವ್ವ ಅಂದಿದ್ದ. ಐವತ್ತಂತೆ."

ದಾಸಯ್ಯ ನಗಲಿಲ್ಲ. ಲೋಟ ಕೈಯಲ್ಲೇ ಆರುತ್ತಿತ್ತು. ಅವನ ಮುಖ ನೋಡಿ ಮಾನಸಾಗೆ ಏನನ್ನಿಸಿತೋ, ಪೆನ್ನು ಮುಚ್ಚಿದಳು. "ಇರ್ಲಿ ಬಿಡಿ ತಾತ. ಹಳದಿ ಹಾಕ್ತೀನಿ. ಸರಿಯಾಗಿ ಗೊತ್ತಾಗಿಲ್ಲ ಅಂತ ಬರೆದ್ರೆ ಮುಗೀತು. ನಿಮ್ಮ ಹೆಸರೂ ಬರಲ್ಲ."

ಅಲ್ಲಿಗೆ ಬಚಾವಾದೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಮಣಿಕಟ್ಟಿಗೆ ಆ ಉಸಿರು ಬೆಚ್ಚಗೆ ತಾಗಿ ತಾಗಿ ಹೋಗಿದ್ದು ಅವನಿಗೆ ಗೊತ್ತಿತ್ತು. ಅಷ್ಟು ಭಾರ ತೊಡೆಯ ಮೇಲಿದ್ದ ಜೀವವನ್ನು, ಬಾಯಿಗೆ ಬಂದಂತೆ ಹೇಳಿದವರ ಹುಲಿಗಳ ಸಾಲಿನಲ್ಲಿ ತಂದು ನಿಲ್ಲಿಸಿದಂತಾಯಿತು.

"ನಲವತ್ಮೂರು" ಎಂದ, ನೆಲ ನೋಡುತ್ತ. "ನಾನು ನಲವತ್ಮೂರಿದ್ದೆ ಕಣವ್ವ. ಐವತ್ತಿಲ್ದಿದ್ರೆ ಕೆಲ್ಸಕ್ಕೆ ತಗೋತಿರ್ಲಿಲ್ಲ. ಸೆಲೆಕ್ಸನ್ ದಿನ ನಮ್ಮೂರ ಗುಂಡಯ್ಯನ ಮೀನುಬಲೇಲಿದ್ದ ಸೀಸದ ಗುಂಡೆಲ್ಲ ಬಿಚ್ಕೊಂಡು, ಚಡ್ಡಿಯೊಳಗೆ ಉಡಿದಾರಕ್ಕೆ ಕಟ್ಕೊಂಡು ಹೋಗಿದ್ದೆ. ಅದೇ ರೇಂಜರ್ ಸಾಹೇಬ್ರೇ ಅವತ್ತು ತೂಗಿದ್ದು. ಎರಡು ವರ್ಷ ಬಿಟ್ಟು ಹುಲಿ ಮುಂದೆ ನಿಂತ್ಕೊಂಡು ಕೇಳಿದ್ರೆ, ನಲವತ್ಮೂರು ಅಂತ ಹೆಂಗಂದೇನು?"

ಪುಟ್ಟಗಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಗೌರ್ಮೆಂಟ್ ಕೆಲ್ಸ ಅಂತ ತಾನೆ ನಮ್ಮಪ್ಪ ನನ್ನ ಕೊಟ್ಟಿದ್ದು? ಹಂಗಾದ್ರೆ ಸೀಸದ ಗುಂಡಿಗೆ ಕೊಟ್ಟವ್ನೆ ಅನ್ನಿ."

ಮಾನಸಾ ನಗು ತಡೆದುಕೊಂಡು ಕೇಳಿದಳು, "ಎರಡು ವರ್ಷದಲ್ಲಿ ನೀವು ದಪ್ಪ ಆಗಿರಬಹುದಲ್ವಾ ತಾತ? ನಲವತ್ತಮೂರೇ ಅಂತ ಹೇಗೆ ಹೇಳ್ತೀರಿ?"

"ಹುಲೀನ ಲಾರಿ ಹತ್ತಿಸಿ ಕಳ್ಸಿದ್ಮೇಲೆ ತಕ್ಕಡಿ ವಾಪಸ್ ಕೊಡೋಕೆ ನಾನೇ ಹೋಗಿದ್ದು. ಮಂಡೀಲಿ ಯಾರೂ ಇರ್ಲಿಲ್ಲ. ಹಾಕಿದ್ದ ಬಟ್ಟೇಲೇ ಹತ್ತಿ ನಿಂತೆ. ನಲವತ್ಮೂರು. ಇಳಿದು ಇನ್ನೊಂದು ಸಲ ಹತ್ತಿದೆ. ನಲವತ್ಮೂರೇ."

ಅದೇ ತಕ್ಕಡಿ, ಅದೇ ದಿನ, ಅದೇ ಬಟ್ಟೆ. ಮಾನಸಾ ನೋಟ್‌ಬುಕ್ಕನ್ನು ಮತ್ತೆ ತೆರೆದು ತೊಡೆಯ ಮೇಲಿಟ್ಟುಕೊಂಡಳು. "ತಾತ, ಇಷ್ಟು ಸರಿಯಾದ ಲೆಕ್ಕ ನನ್ನ ಹತ್ರ ಇನ್ನೊಂದಿಲ್ಲ. ಇನ್ನೂರ ಎರಡು. ಇದು ಹಸಿರೇ. ಆದ್ರೆ ಹಸಿರು ಹಾಕಿದ್ರೆ ವರದಿ ಯಾಕೆ ತಪ್ಪಾಯ್ತು ಅಂತಾನೂ ಬರೀಬೇಕು. ನಿಮ್ಮ ಹೆಸರು, ಸೀಸದ ಗುಂಡು, ಎಲ್ಲ."

"ಪೆನ್ಸನ್ ಗಿನ್ಸನ್ ನಿಲ್ಲಿಸ್ಬುಟ್ಟಾರು, ಸುಮ್ಕಿರಿ" ಎಂದಳು ಪುಟ್ಟಗಂಗಮ್ಮ. ಈಗ ಅವಳ ದನಿಯಲ್ಲಿ ನಗುವಿರಲಿಲ್ಲ.

ದಾಸಯ್ಯ ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಲೋಟ ಕೆಳಗಿಟ್ಟ. ಮಾನಸಾ ಪೆನ್ನು ಹಿಡಿದು ಕಾದಳು, ಅವಸರ ಮಾಡಲಿಲ್ಲ.

"ಬರಕೋ ತಾಯಿ" ಎಂದ ಕೊನೆಗೆ. "ನನ್ನ ಹೊಟ್ಟೆಪಾಡಿಗೆ ಅದ್ರ ಮೈಯಿಂದ ಏಳು ಕೆ.ಜಿ. ಕಿತ್ಕೊಂಡಿದ್ದೆ. ಪಾಪ, ಅದಕ್ಕೇ ಕೊಟ್ಬುಡು."