ತುಂಬದ ಟ್ಯಾಂಕು

ಟಕ್ಕೆಂದು ಪಂಪು ನಿಂತಿತು. ಮರುಕ್ಷಣ ಟ್ಯಾಂಕಿನ ಬಾಯಿಂದ ಡೀಸೆಲ್ ಉಕ್ಕಿ ಚೀಫ್ ಅವರ ಬಿಳಿ ಅಂಗಿಗೆ ಸಿಡಿಯಿತು. ಇದು ಆರನೇ ಸಲ.

ಹಿಂದೆ ನಾಲ್ಕು ಬೋಟುಗಳು ಸಾಲುಗಟ್ಟಿ ಕಾಯುತ್ತಿದ್ದವು. ಒಬ್ಬರೂ ಹಾರ್ನ್ ಒತ್ತಲಿಲ್ಲ, ಒಬ್ಬರೂ ಬೈಯಲಿಲ್ಲ. ಎಲ್ಲರೂ ನೀರಿನ ಕಡೆ ಮುಖ ತಿರುಗಿಸಿಕೊಂಡು ನಿಂತಿದ್ದರು. ಬೈದಿದ್ದರೇ ವಾಸಿಯಿತ್ತು. ಮೂವತ್ತೆರಡು ವರ್ಷ ಹಡಗಿನ ಎಂಜಿನ್ ರೂಮು ಆಳಿದ, ಇಂದಿಗೂ ಇಡೀ ಬಂದರೇ 'ಚೀಫ್' ಎಂದು ಕರೆಯುವ ಮನುಷ್ಯ, ತನ್ನ ಸ್ವಂತ ಬೋಟಿಗೆ ಎಣ್ಣೆ ತುಂಬಿಸಲು ಬಾರದೆ ನಿಂತಿದ್ದಾನೆ! ಭೂಮಿ ಬಾಯಿಬಿಟ್ಟು ನುಂಗಬಾರದೆ ಅನ್ನಿಸಿತು. ಕಾಲ ಕೆಳಗೆ ಭೂಮಿಯಾದರೂ ಎಲ್ಲಿತ್ತು, ಬರೀ ಹಲಗೆ.

ಇವತ್ತು ಹೊರದ್ವೀಪದ ಅಕ್ಕನ ಮನೆಗೆ ಹೋಗಲೇಬೇಕು. ಒಬ್ಬರೇ, ತಾವೇ ಚುಕ್ಕಾಣಿ ಹಿಡಿದು. ಹೋಗಿಬರಲು ಎಂಬತ್ತು ಲೀಟರ್ ಬೇಕು. ಈ ಟ್ಯಾಂಕು ಹತ್ತಕ್ಕೇ ಮುನಿಸಿಕೊಂಡಿದೆ. ಮನೆಯಲ್ಲಿ ಕೆಲವು ದಿನಗಳಿಂದ ಏನೋ ಗುಸುಗುಸು. ಹೆಂಡತಿಯೂ ಅಳಿಯನೂ ಅಡುಗೆಮನೆಯಲ್ಲಿ ಮಾತಾಡುತ್ತಿರುತ್ತಾರೆ, ಇವರು ಕಾಲಿಟ್ಟರೆ ಗಪ್‌ಚಿಪ್. ಇನ್ನೇನು, ವಯಸ್ಸು ಎಪ್ಪತ್ತಾಯಿತು, ಬೋಟು ಬಿಡಿಸಿ ಮೂಲೆಗೆ ಕೂರಿಸಬೇಕು, ಅಷ್ಟೇ ತಾನೇ? ಇವತ್ತು ಒಬ್ಬರೇ ಹೋಗಿಬಂದರೆ ಎಲ್ಲರ ಬಾಯಿಗೂ ಬೀಗ ಬೀಳುತ್ತದೆ.

"ಇಷ್ಟು ಸಾಕಲ್ವಾ ಚೀಫ್?" ಪಂಪಿನ ಹೆಂಗಸು ಮೆಲ್ಲಗೆ ಕೇಳಿದಳು. "ಬಂದರಿನೊಳಗೇ ಒಂದು ಸುತ್ತು ಹಾಕ್ಕೊಂಡು ಬನ್ನಿ. ಬಿಸಿಲೂ ಚೆನ್ನಾಗಿದೆ."

"ಬಿಸಿಲು ಕಾಯಿಸೋಕೆ ನಾನೇನು ಪಿಂಚಣಿ ಮುದುಕನಾ?"

ಪಿಂಚಣಿ ಮುದುಕರೇ. ಅವಳು ಹಾಗೆನ್ನಲಿಲ್ಲ.

ಅಷ್ಟರಲ್ಲಿ ಮೆಕ್ಯಾನಿಕ್ ಅಳಿಯ, ಯಾರೂ ಕರೆಯದೆಯೇ, ಸಾಮಾನಿನ ಪೆಟ್ಟಿಗೆ ಹಿಡಿದು ಬೋಟಿಗೆ ಇಳಿದಿದ್ದ. "ನಾನು ನೋಡ್ತೀನಿ ಬಿಡಿ ಮಾವ. ನೀವು ಮನೆಗೆ ಹೋಗಿ ಅಂಗಿ ಬದಲಾಯಿಸ್ಕೊಳ್ಳಿ."

"ನಿನಗೆ ಸ್ಪ್ಯಾನರ್ ಹಿಡಿಯೋದು ಕಲಿಸಿದೋನೇ ನಾನು. ಸರಿ ಆಚೆ!"

ಲೆಕ್ಕ ಸರಳ. ಡೀಸೆಲ್ ಒಳಗೆ ಹೋದರೆ ಒಳಗಿನ ಗಾಳಿ ಹೊರಗೆ ಬರಬೇಕು. ಅದಕ್ಕೆಂದೇ ಬೇರೆ ಗಾಳಿಪೈಪು ಇರುತ್ತದೆ. ಆ ದಾರಿ ಕಟ್ಟಿದರೆ ಗಾಳಿಯು ಎಣ್ಣೆ ತುಂಬಿಸುವ ಬಾಯಿಂದಲೇ ನುಗ್ಗಿ ಡೀಸೆಲನ್ನು ಮುಖಕ್ಕೆ ಉಗಿಯುತ್ತದೆ. ಚೀಫ್ ಮೊದಲು ಎಣ್ಣೆ ತುಂಬಿಸುವ ಪೈಪನ್ನು ಬೆರಳಿನಿಂದ ಸವರಿದರು. ಎಲ್ಲೂ ಮಡಚಿಲ್ಲ, ಜೋತುಬಿದ್ದಿಲ್ಲ. ಬೋಟಿನ ಹೊರಮೈಯಲ್ಲಿ ಗಾಳಿಪೈಪಿನ ತುದಿ ನೋಡಿದರು. ಜಾಲರಿ ಚೊಕ್ಕಟವಾಗಿತ್ತು, ಹುಳುವಿನ ಗೂಡೂ ಇಲ್ಲ, ಉಪ್ಪೂ ಕಟ್ಟಿಲ್ಲ. ಹಾಗಾದರೆ ಕುತ್ತು ಒಳಗೇ ಇದೆ.

ನೆಲದ ಹಲಗೆ ಎತ್ತಿ, ಬೋರಲಾಗಿ ಮಲಗಿ ತಲೆ ಒಳಗೆ ತೂರಿಸಿದರು. ಗಾಳಿಪೈಪು ಟ್ಯಾಂಕಿಗೆ ಸೇರುವ ಕಡೆ ಬಿಗಿಪಟ್ಟಿ ಸಡಿಲಿಸಿ ಬೆರಳು ಹಾಕಿದರು. ಮರ ತಗುಲಿತು. ಇಕ್ಕಳದಿಂದ ಎಳೆದರೆ ಹೊರಬಂತು ಒಂದು ಬಿರಡೆ. ನಯವಾಗಿ ಉಜ್ಜಿ ಮಾಡಿದ್ದು, ನಡುವೆ ಸೂಜಿ ತೂರುವಷ್ಟೇ ತೂತು. ಎಂಜಿನ್ ಉಸಿರು ಕಟ್ಟಿ ಸಾಯಬಾರದು, ಟ್ಯಾಂಕು ಮಾತ್ರ ತುಂಬಬಾರದು! ಕಸುಬು ಬಲ್ಲವನ ಕೈ. ಇಷ್ಟು ಅಚ್ಚುಕಟ್ಟಾಗಿ ಮಾಡಬಲ್ಲವರು ಈ ಬಂದರಿನಲ್ಲಿ ಚೀಫ್ ಬಿಟ್ಟರೆ ಅವರ ಹತ್ತಿರ ಕಲಿತ ಒಬ್ಬನೇ.

"ಶಬಾಷ್ ಅಳಿಯಂದ್ರೇ!" ನಾಲ್ಕೂ ಬೋಟಿಗೆ ಕೇಳುವಂತೆ ಕೂಗಿದರು. "ಮುದುಕ ಮೂಲೆ ಸೇರಲಿ ಅಂತ ಹೀಗೆ ಮಾಡಿದೆಯಾ? ಎದುರಿಗೆ ನಿಂತು ಹೇಳೋ ಗಂಡಸ್ತನ ಇಲ್ಲ, ಕಳ್ಳನ ಹಾಗೆ ಬಿರಡೆ ಬಡೀತೀಯಾ? ನನ್ನ ಹತ್ರ ಕಲಿತು ನನ್ನ ಬೆನ್ನಿಗೇ ಚೂರಿ ಹಾಕ್ತೀಯಾ? ಥೂ!"

ಅಳಿಯ ತಲೆ ತಗ್ಗಿಸಿದ. "ತಪ್ಪಾಯ್ತು ಮಾವ."

ಅಷ್ಟು ಬೇಗ ಒಪ್ಪಿಕೊಂಡದ್ದಕ್ಕೆ ಚೀಫ್ ಅವರ ಸಿಟ್ಟು ಇಮ್ಮಡಿಯಾಯಿತು. "ಹೋಗಲಿ, ಚೀಟಿ ಎಲ್ಲಿ? ಎಂಜಿನ್ ರೂಮಲ್ಲಿ ಯಾವ ಪೈಪು ಮುಚ್ಚಿದರೂ ಚೀಟಿ ಕಟ್ಟಬೇಕು. ಯಾರು ಮುಚ್ಚಿದ್ದು, ಯಾಕೆ ಮುಚ್ಚಿದ್ದು. ಮೊದಲನೇ ದಿನ ಹೇಳಿಕೊಟ್ಟ ಪಾಠ!"

"ಮರೆತುಬಿಟ್ಟೆ ಮಾವ."

"ಮರೆತನಂತೆ! ಇಂಥ ಮರೆಗುಳಿ ಕೈಗೆ ಮಗಳನ್ನ ಕೊಟ್ಟೆನಲ್ಲಪ್ಪಾ!"

ಯಾರೂ ನಗಲಿಲ್ಲ. ಪಕ್ಕದ ಬೋಟಿನವನು ಟೋಪಿಯನ್ನು ಕಣ್ಣಿನ ಮೇಲಕ್ಕೆ ಎಳೆದುಕೊಂಡ. ಪಂಪಿನ ಹೆಂಗಸು ಮಾತ್ರ ಕೈಯಲ್ಲಿದ್ದ ಪೈಪನ್ನು ಧೊಪ್ಪೆಂದು ಕೆಳಗಿಟ್ಟಳು.

"ಇನ್ನೂ ಎಷ್ಟು ಅಂತ ಬೈಸ್ಕೊಳ್ತೀಯಣ್ಣ? ನಿನಗೆ ಸಾಕಾಗಲ್ವಾ?"

"ಬೇಡ ಕಣಮ್ಮ," ಅಳಿಯ ಅಂಗಲಾಚಿದ. "ಇವತ್ತೊಂದಿನ ಬಿಟ್ಬಿಡು."

"ಚೀಟಿ ಇದೆ ಚೀಫ್," ಅಂದಳು ಅವಳು. "ಟ್ಯಾಂಕಿನ ಹಿಂದಕ್ಕೆ ಕೈ ಹಾಕಿ ನೋಡಿ."

ಚೀಫ್ ಕೈ ಹಾಕಿದರು. ತಂತಿಯಲ್ಲಿ ಬಿಗಿದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ರಟ್ಟಿನ ಚೀಟಿ. ಅಳಿಯನ ಬಣ್ಣ ಬಯಲು ಮಾಡಲೆಂದು ಗಟ್ಟಿಯಾಗಿ ಓದತೊಡಗಿದರು.

"'ಬಂದರು ದಾಟಿದರೆ ವಾಪಸು ದಾರಿ ನೆನಪಾಗುತ್ತಿಲ್ಲ. ಅದಕ್ಕೇ ಮುಚ್ಚಿದ್ದೇನೆ. ನಾನೇ ಗಲಾಟೆ ಮಾಡಿದರೂ ತುಂಬಿಸಿ ಕೊಡಬೇಡಿ...'"

ದನಿ ಅಲ್ಲಿಗೇ ನಿಂತಿತು. ಮುಂದಿನದನ್ನು ಕಣ್ಣಲ್ಲೇ ಓದಿದರು. ಮುಚ್ಚಿದವರು ಎಂಬಲ್ಲಿ ಅವರದೇ ರುಜು. ಅದರ ಕೆಳಗೆ, ಅವರದೇ ಅಕ್ಷರದಲ್ಲಿ, ಮೊನ್ನೆಯವರೆಗಿನ ಒಂಬತ್ತು ತಾರೀಖು, ಒಂದೊಂದರ ಪಕ್ಕದಲ್ಲೂ ಒಂದೇ ಸಾಲು: 'ತೆಗೆದೆ, ಬೈದೆ, ಮತ್ತೆ ಮುಚ್ಚಿದೆ, ಅಳಿಯನ ಕ್ಷಮೆ ಕೇಳಿದೆ.'